ರೀಚ್ ಇಳಿಸಿದ ಮೇಲೆ ಜನ ಬಂದರು: ಮಾನಸಿಕ ಆರೋಗ್ಯದ ಪ್ರಚಾರದಲ್ಲಿ ನನ್ನ ಅನುಭವ

ಸಾಮಾಜಿಕ ಜಾಲತಾಣಗಳಲ್ಲಿ ನಡೆಯುವ ಮಾನಸಿಕ ಆರೋಗ್ಯದ ಜಾಗೃತಿ ಪ್ರಚಾರದಿಂದ ಯಾರಿಗಾದರೂ ಉಪಯೋಗವಾಗುತ್ತದೆಯೇ ಎಂದು ನಮ್ಮ ವಲಯದಲ್ಲಿ ಕೇಳಿದರೆ, ಕೆಲವರು ಕೂಡಲೇ ರೀಚ್‌ನ, ಅಂದರೆ ಪೋಸ್ಟ್ ಎಷ್ಟು ಜನರನ್ನು ತಲುಪಿತೆಂಬ, ಅಂಕಿಗಳನ್ನು ತೆರೆದು ತೋರಿಸುತ್ತಾರೆ. ಉಳಿದವರು ಇದೆಲ್ಲ ಅಕ್ಟೋಬರ್ 10ರ, ವಿಶ್ವ ಮಾನಸಿಕ ಆರೋಗ್ಯ ದಿನದ, ಶೋಕಿ ಎಂದು ಮಾತು ಮುಗಿಸುತ್ತಾರೆ. ಬೆಂಗಳೂರಿನ ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯದ ಸುತ್ತಮುತ್ತ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಹಲವು ವರ್ಷ ಕೆಲಸ ಮಾಡಿರುವ ನಾನು ಇವರಿಬ್ಬರ ಮಾತನ್ನೂ ಒಪ್ಪುವುದಿಲ್ಲ. ಪ್ರಚಾರದಿಂದ ಉಪಯೋಗವಾಗುತ್ತದೆ, ಆದರೆ ಪೋಸ್ಟ್‌ನ ಆಚೆ ಬದಿಯಲ್ಲಿ, ಬಂದವರ ಮಾತು ಕೇಳುವ ಕಡೆ, ಎಷ್ಟು ಕುರ್ಚಿಗಳು ಖಾಲಿ ಇವೆಯೋ ಅಷ್ಟು ಜನರಿಗೆ ಮಾತ್ರ. ಈ ಲೆಕ್ಕವನ್ನು ಹಿಡಿದು ಪ್ರಚಾರವನ್ನು ಬೇಕೆಂದೇ ಚಿಕ್ಕದು ಮಾಡಿದಾಗ ನಕ್ಕವರು ಅನೇಕರು. ಈಗ ಅವರಲ್ಲಿ ಇಬ್ಬರು ತಮ್ಮ ಸಂಸ್ಥೆಗಳಲ್ಲೂ ಇದನ್ನೇ ಮಾಡುತ್ತಿರುವುದರಿಂದ, ನಡೆದದ್ದನ್ನು ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲ ವರ್ಷದ ಪ್ರಚಾರಕ್ಕೆ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಬಂದಿತ್ತು. ಅದರ ಸ್ವರೂಪವನ್ನು ನಿರ್ಧರಿಸಿದ್ದು ಆ ಕಂಪನಿ ಗೊತ್ತುಮಾಡಿದ ಏಜೆನ್ಸಿ. ರೀಲ್‌ಗಳಿಗೆ ಸುಮಾರು 70 ಸಾವಿರ, ಪೋಸ್ಟರ್‌ಗಳ ವಿನ್ಯಾಸಕ್ಕೆ 30 ಸಾವಿರ, ಕಿರುತೆರೆಯ ಒಬ್ಬ ನಟರ ಗೌರವಧನಕ್ಕೆ 20 ಸಾವಿರ, ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಲು (ಬೂಸ್ಟ್) 40 ಸಾವಿರ, ಹೀಗೆ ಒಟ್ಟು 1.6 ಲಕ್ಷದ ಆಸುಪಾಸು ಖರ್ಚಾಯಿತು. ಕತ್ತಲ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂತ ಹುಡುಗಿಯ ಚಿತ್ರ, ಕೆಳಗೆ ‘ಮಾತನಾಡಿ, ನೀವು ಒಂಟಿಯಲ್ಲ’ ಎಂಬ ಸಾಲು. ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿದೆವೆಂದು ವರದಿ ಬಂತು. ನಾವು ಭಾನುವಾರಗಳಂದು ಉಚಿತ ಆಪ್ತಸಮಾಲೋಚನೆ ನಡೆಸುವ ಕೋಣೆಯ ರಿಜಿಸ್ಟರ್‌ನಲ್ಲಿ ಆ ಪ್ರಚಾರವನ್ನು ನೋಡಿ ಬಂದೆವೆಂದು ಹೇಳಿದವರು 25ರಷ್ಟಿದ್ದರು, ಅವರಲ್ಲಿ ಎರಡನೇ ಬಾರಿ ಬಂದವರು ನಾಲ್ಕೈದು ಮಂದಿ. ‘ಮಾತನಾಡಿ’ ಎಂದು ಹೇಳಿದ ಪೋಸ್ಟರ್, ಯಾರೊಂದಿಗೆ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ದುಡ್ಡಿಗೆ ಎಂಬುದನ್ನು ಎಲ್ಲಿಯೂ ಹೇಳಿರಲಿಲ್ಲ. ಫೋನ್ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಕೆಳಮೂಲೆಗೆ ತಳ್ಳಿದ್ದರು. ದೊಡ್ಡದು ಮಾಡಿದರೆ ವಿನ್ಯಾಸ ಕೆಡುತ್ತದಂತೆ.

ಬಂದ ಆ 25 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎಚ್‌ಎಸ್‌ಆರ್ ಲೇಔಟ್, ಕೋರಮಂಗಲದ ಕಡೆಯ ಯುವಕ ಯುವತಿಯರು. ರೀಲ್‌ಗಳನ್ನು ನೋಡಿ ತಮಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆಯೆಂದು ನಿಶ್ಚಯಿಸಿಕೊಂಡೇ ಬಂದವರು ಅವರಲ್ಲಿ ಹಲವರಿದ್ದರು. ಅವರ ಸಂಕಟ ಸುಳ್ಳೆಂದು ನಾನು ಹೇಳುತ್ತಿಲ್ಲ, ಕೆಲವರಿಗೆ ನಿಜಕ್ಕೂ ಚಿಕಿತ್ಸೆ ಬೇಕಿತ್ತು. ಆದರೆ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ನೋಡಲ್ಪಟ್ಟ ಎಡಿಎಚ್‌ಡಿಯ 100 ವಿಡಿಯೊಗಳನ್ನು ಕೆನಡಾದ ಮನೋವೈದ್ಯರು 2022ರಲ್ಲಿ ಪರಿಶೀಲಿಸಿದಾಗ 52 ದಾರಿ ತಪ್ಪಿಸುವಂಥವು ಎಂದು ಕಂಡುಬಂದಿತ್ತು. ಜಾಗೃತಿ ಹೆಚ್ಚಿದಂತೆ ಸಾಧಾರಣ ಬೇಸರವನ್ನೂ ಕೆಲವರು ಕಾಯಿಲೆಯೆಂದು ಓದಿಕೊಳ್ಳುವ ಸಾಧ್ಯತೆಯಿದೆ ಎಂಬ ಊಹೆಯನ್ನು ಮನೋವಿಜ್ಞಾನಿಗಳಾದ ಲೂಸಿ ಫೌಕ್ಸ್ ಮತ್ತು ಜ್ಯಾಕ್ ಆಂಡ್ರ್ಯೂಸ್ 2023ರಲ್ಲಿ ಮುಂದಿಟ್ಟರು. ಅದು ಊಹೆಯೇ ಆದರೂ, ಹೊಸಬರಿಗೆಂದು ಇಟ್ಟ ನಮ್ಮ ಎಂಟು ಕುರ್ಚಿಗಳಲ್ಲಿ ಐದು ಹೀಗೆ ತುಂಬಿದ ಭಾನುವಾರಗಳಲ್ಲಿ ಅದರ ಅರ್ಥ ನನಗೆ ಚೆನ್ನಾಗಿ ಆಗಿತ್ತು. ಹೊಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳ ಹೆಂಗಸರಿಗಾಗಿ ತೆರೆದ ಕೋಣೆಗೆ ಆ ಹೆಂಗಸರೇ ಬರುತ್ತಿರಲಿಲ್ಲ.

ದೊಡ್ಡ ಪ್ರಚಾರಗಳು ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2015ರಲ್ಲಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ ಮೇಲೆ, ಮಗಳನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲು ಹಿಂಜರಿಯುತ್ತಿದ್ದ ತಾಯಂದಿರೊಂದಿಗೆ ಮಾತು ಆರಂಭಿಸುವುದು ನನಗೆ ಸುಲಭವಾಯಿತು. ಇಂಗ್ಲೆಂಡಿನಲ್ಲಿ 2007ರಿಂದ 2021ರವರೆಗೆ ನಡೆದ ‘ಟೈಮ್ ಟು ಚೇಂಜ್’ ಪ್ರಚಾರವು ಜನರ ಮನೋಭಾವವನ್ನು ನಿಧಾನವಾಗಿಯಾದರೂ ಬದಲಿಸಿತು. ಆದರೆ ಮನೋಭಾವ ಬದಲಾದವರು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಬಂದು ನಿಲ್ಲುತ್ತಾರೆಂಬ ಖಾತರಿಯಿಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂತಹ ಸಾಮಾನ್ಯ ತೊಂದರೆಗಳಿರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿ ಚಿಕಿತ್ಸೆಯ ಹೊರಗಿದ್ದರು. ನನ್ನ ಕೆಲಸವಿದ್ದದ್ದು ಈ ಅಂತರದಲ್ಲಿ.

ಎರಡನೇ ವರ್ಷ ಹಣವೂ ನಿಂತಿತು, ಏಜೆನ್ಸಿಯೂ ಹೋಯಿತು. ಆಗ ಉಲ್ಟಾ ಕಡೆಯಿಂದ ಲೆಕ್ಕ ಹಾಕಿದೆ. ಭಾನುವಾರ ಸಮುದಾಯ ಭವನದ ಕೋಣೆಯಲ್ಲಿ ಹೊಸಬರಿಗೆ ಎಂಟು ಜಾಗ. ಎಂಟು ಜನ ಬರಬೇಕಾದರೆ ಸುಮಾರು 25 ಕರೆ ಬರಬೇಕು. ಅಷ್ಟು ಕರೆಗೆ 200 ಮಂದಿಯ ಮೂರು ವಾಟ್ಸ್‌ಆ್ಯಪ್ ಗ್ರೂಪ್‌ಗಳು ಸಾಕು. ಹಾಗಾಗಿ ವಾರಕ್ಕೆ ಮೂರು ಗ್ರೂಪ್ ಮಾತ್ರ, ಮುಂದಿನ ವಾರ ಬೇರೆ ಮೂರು, ಎಂಟು ಜಾಗ ತುಂಬಿದ ಕೂಡಲೇ ಆ ವಾರದ ಪ್ರಚಾರ ಬಂದ್. ಹಣ ಕೊಡಲು ಮುಂದೆ ಬಂದಿದ್ದ ಇನ್ನೊಬ್ಬರು ಇದನ್ನು ಕೇಳಿ, “ಒಂದು ಲಕ್ಷ ರೀಚ್ ಕೂಡ ಇಲ್ಲದಿದ್ದರೆ ಬೋರ್ಡ್‌ಗೆ ಏನು ತೋರಿಸೋದು ಮೇಡಂ?” ಎಂದು ಹಿಂದೆ ಸರಿದರು. ನಮ್ಮ ಜೊತೆಯ ಹಿರಿಯ ಮನೋವೈದ್ಯರಿಗೂ ನಂಬಿಕೆಯಿರಲಿಲ್ಲ. ಜನ ತಾವಾಗಿ ಬರುವುದಿಲ್ಲ, ಮನೆ ಮನೆಗೆ ಹೋಗಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ನಮ್ಮ ಸಂದೇಶ ಕೇಳಿದವರು ಮಿಸ್ಡ್ ಕಾಲ್ ಕೊಟ್ಟರೆ ನಾವೇ ಕರೆ ಮಾಡುತ್ತೇವೆ, ಈ ವ್ಯವಸ್ಥೆ ಬಹಳ ಮಂದಿಗೆ ಗೊತ್ತಿರುವುದೇ. ಅದರಲ್ಲಿ ನಾನು ಕಲಿತದ್ದು ಸಮಯದ ಮಹತ್ವ. ಎರಡು ಗಂಟೆಯೊಳಗೆ ಮರಳಿ ಕರೆ ಮಾಡಿದರೆ ಹತ್ತರಲ್ಲಿ ಏಳು ಮಂದಿ ಎತ್ತುತ್ತಾರೆ, ಮರುದಿನ ಮಾಡಿದರೆ ಅರ್ಧದಷ್ಟು, ಮೂರನೇ ದಿನಕ್ಕೆ ಬಹುತೇಕ ಯಾರೂ ಇಲ್ಲ. ಧೈರ್ಯ ಮಾಡಿ ಒತ್ತಿದ ಗುಂಡಿಗೆ ಉತ್ತರ ಬಾರದಿದ್ದರೆ ಆ ಧೈರ್ಯ ಎರಡನೇ ಸಲ ಹುಟ್ಟುವುದು ಕಷ್ಟ. ಒಮ್ಮೆ ಉತ್ಸಾಹದಿಂದ ಒಬ್ಬ ಸ್ವಯಂಸೇವಕರು ಹತ್ತು ಗ್ರೂಪ್‌ಗಳಿಗೆ ಒಟ್ಟಿಗೆ ಕಳಿಸಿಬಿಟ್ಟಾಗ 80ರಷ್ಟು ಮಿಸ್ಡ್ ಕಾಲ್ ಬಂದು, ಅವುಗಳಲ್ಲಿ ಮುಕ್ಕಾಲು ಪಾಲು ವ್ಯರ್ಥವಾದವು. ಆ ಗ್ರೂಪ್‌ಗಳಿಂದ ಆಮೇಲೆ ತಿಂಗಳುಗಟ್ಟಲೆ ಕರೆಯೇ ಇಲ್ಲ. ಹೆಚ್ಚು ರೀಚ್ ನಷ್ಟವನ್ನೂ ತರುತ್ತದೆಂದು ಅಂದು ಉಳಿದವರಿಗೂ ಮನವರಿಕೆಯಾಯಿತು. ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ನಮ್ಮ ಫೋನ್ ತೆರೆದಿರುತ್ತದೆ. ಉಳಿದ ಹೊತ್ತಿಗೆ, ಮುಖ್ಯವಾಗಿ ತುರ್ತಿಗೆ, ಪ್ರತಿ ಸಂದೇಶದ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಎರಡು ಸಲ ನಿಧಾನವಾಗಿ ಹೇಳಿಸುತ್ತೇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲೂ ಸಿಗುವುದರಿಂದ ನಾವು ರಾತ್ರಿ ಪಾಳಿ ಇಡುವ ಅಗತ್ಯ ಬೀಳಲಿಲ್ಲ.

ಸಂದೇಶ ಪೋಸ್ಟರ್ ಆಗಿರುವುದಿಲ್ಲ, 40 ಸೆಕೆಂಡಿನ ವಾಯ್ಸ್ ನೋಟ್ ಆಗಿರುತ್ತದೆ, ಅದನ್ನು ಆಯಾ ಗ್ರೂಪಿನ ಅಡ್ಮಿನ್ ತಮ್ಮದೇ ಫೋನಿನಲ್ಲಿ, ತಮ್ಮದೇ ಧ್ವನಿಯಲ್ಲಿ ಹೇಳಿ ಹಾಕುತ್ತಾರೆ. ನಾವು ಮಾಡಿಕೊಟ್ಟದ್ದನ್ನು ಕಳಿಸಿದರೆ ‘ಫಾರ್ವರ್ಡೆಡ್’ ಎಂಬ ಗುರುತು ಬೀಳುತ್ತದೆ; ಆ ಗುರುತು ಕಂಡರೆ ಜನ ಅದನ್ನು ಬೆಳಗಿನ ಶುಭೋದಯದ ಹೂವಿನ ಚಿತ್ರದ ಸಾಲಿಗೆ ಸೇರಿಸಿ ಮುಂದೆ ಹೋಗುತ್ತಾರೆ. ಅಡ್ಮಿನ್‌ಗಳನ್ನು ಒಪ್ಪಿಸುವುದೇ ದೊಡ್ಡ ಕೆಲಸ. “ಹಿಂಗೆಲ್ಲ ಹಾಕಿದ್ರೆ ಜನ ಎಕ್ಸಿಟ್ ಆಗ್ತಾರೆ ಮೇಡಂ, ನಮ್ಮ ಗ್ರೂಪಲ್ಲಿ ಅಂಥೋರು ಯಾರೂ ಇಲ್ಲ” ಎಂದ ಚೀಟಿ ಗ್ರೂಪಿನ ಅಕ್ಕನೇ ಆಮೇಲೆ ಅತಿ ಹೆಚ್ಚು ಕರೆಗಳನ್ನು ತಂದುಕೊಟ್ಟರು. ಅವರನ್ನು ಹೇಗೆ ಒಪ್ಪಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಜೊತೆ ಬಂದು ಒಂದು ವಾರ ಓಡಾಡಿದವರಿಗೆ ಅದು ತಾನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಬದಲಾವಣೆಯೆಂದರೆ, ತೊಂದರೆಯಲ್ಲಿರುವವರನ್ನು ಬಿಟ್ಟು ಅವರ ಪಕ್ಕದಲ್ಲಿರುವವರನ್ನು ಉದ್ದೇಶಿಸಿ ಮಾತನಾಡಿದ್ದು. ‘ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರದಿಂದ ನಿದ್ದೆಯಿಲ್ಲದೆ, ಊಟ ಬಿಟ್ಟು, ಯಾರ ಜೊತೆಗೂ ಮಾತು ಬೇಡವೆಂದು ಕೂತಿದ್ದಾರೆಯೇ? ಅವರನ್ನು ಈ ಭಾನುವಾರ ಹತ್ತು ಗಂಟೆಗೆ ಕರೆದುಕೊಂಡು ಬನ್ನಿ, ದುಡ್ಡಿಲ್ಲ, ಮಾತ್ರೆ ಕೊಟ್ಟೇ ಕಳಿಸುತ್ತಾರೆಂಬ ಭಯ ಬೇಡ’ ಎಂಬ ಧಾಟಿಯ ಮಾತು. ನಾಲ್ಕು ಹೆಜ್ಜೆ ನಡೆಯಲೂ ಮನಸ್ಸಿಲ್ಲದವರು ಪೋಸ್ಟ್ ಓದಿ ಸಂಖ್ಯೆ ಒತ್ತುತ್ತಾರೆಂದು ನಿರೀಕ್ಷಿಸುವುದೇ ಆ ಕಾಯಿಲೆಯ ಸ್ವಭಾವಕ್ಕೆ ವಿರುದ್ಧ. ನಮಗೆ ಬರುವ ಕರೆಗಳಲ್ಲಿ ಮೂರರಲ್ಲಿ ಎರಡು ಪಾಲು ತಂಗಿ, ಹೆಂಡತಿ, ಅತ್ತಿಗೆ, ರೂಮಿನ ಗೆಳತಿಯರದು. ಭಾನುವಾರವೇ ಏಕೆಂದರೆ, ಗಾರ್ಮೆಂಟ್‌ನವರು ವಾರದ ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆಗೆ ಹಾಜರಾತಿ ಭತ್ಯೆಯೂ ಹೋಗುತ್ತದೆ. ಉಚಿತ ಚಿಕಿತ್ಸೆ ಅವರ ಪಾಲಿಗೆ ಉಚಿತವಾಗಿ ಉಳಿಯುವುದಿಲ್ಲ.

ಹಂಚಿಕೊಂಡ ಫೋನ್ ನಮ್ಮನ್ನು ಬಹಳ ಕಾಡಿತು. ಹೆಂಡತಿ ಮಿಸ್ಡ್ ಕಾಲ್ ಕೊಟ್ಟು, ನಾವು ಕರೆ ಮಾಡುವ ಹೊತ್ತಿಗೆ ಗಂಡನ ಕೈಯಲ್ಲಿ ಫೋನ್ ಇದ್ದು ರಾದ್ಧಾಂತವಾದ ಪ್ರಕರಣಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕಾಗಿಸಿದೆ. ಕಾಯ್ದೆ ಹೇಳದಿದ್ದರೂ ಬೀದಿಯ ಮರ್ಯಾದೆಯ ಪ್ರಶ್ನೆ ಇದ್ದೇ ಇದೆ. ಆದ್ದರಿಂದ ಕರೆ ಎತ್ತಿದವರು ಯಾರೇ ಇರಲಿ, ಯಾರಿಗೂ ಅನುಮಾನ ಬಾರದಂಥ, ಆದರೆ ಸುಳ್ಳೂ ಅಲ್ಲದ ಒಂದು ಮೊದಲ ವಾಕ್ಯವನ್ನು ರೂಪಿಸಿಕೊಂಡಿದ್ದೇವೆ. ಅದನ್ನು ಹೊರಗೆ ಹೇಳಿದರೆ ಅದರ ಉಪಯೋಗ ಹೋಗುತ್ತದಾದ್ದರಿಂದ ಅದೂ ಇಲ್ಲಿರುವುದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಒಂದು ಕಾರ್ಖಾನೆಯವರು ಒಪ್ಪಿದ್ದರಿಂದ ಹೆಂಗಸರ ಶೌಚಾಲಯದ ಬಾಗಿಲ ಹಿಂದೆ ಕ್ಯೂಆರ್ ಕೋಡ್ ಅಂಟಿಸಿದೆವು. ಕೆಲಸದ ಹೊತ್ತಿನಲ್ಲಿ ಫೋನ್ ಒಳಗೆ ಬಿಡದ ಕಾರಣ ಅದನ್ನು ಸ್ಕ್ಯಾನ್ ಮಾಡಿದವರು ಬೆರಳೆಣಿಕೆಯಷ್ಟು. ಅದೇ ಕಿರುತೆರೆ ನಟರ ಧ್ವನಿಯಲ್ಲಿ ವಾಯ್ಸ್ ನೋಟ್ ಹಾಕಿದಾಗ ಬಂದ ಕರೆಗಳಲ್ಲಿ ಅರ್ಧ ನಟರ ಬಗ್ಗೆ ವಿಚಾರಿಸಲು. ಅಪಾರ್ಟ್‌ಮೆಂಟ್ ಗ್ರೂಪ್‌ಗಳು ನೀರಿನ ಟ್ಯಾಂಕರ್, ಪಾರ್ಕಿಂಗ್‌ಗಳ ನಡುವೆ ನಮ್ಮನ್ನು ನುಂಗಿಬಿಟ್ಟವು. ನಿರೀಕ್ಷೆ ಮೀರಿ ಕೆಲಸ ಮಾಡಿದ್ದು ಆಶಾ ಕಾರ್ಯಕರ್ತೆಯರ ವಾಟ್ಸ್‌ಆ್ಯಪ್ ಸ್ಟೇಟಸ್. ಗ್ರೂಪಿನಲ್ಲಿ ಉತ್ತರಿಸಿದರೆ ಬೀದಿಯವರೆಲ್ಲ ನೋಡುತ್ತಾರೆ. ಸ್ಟೇಟಸ್‌ಗೆ ಕೊಟ್ಟ ಉತ್ತರ ಹಾಕಿದವರಿಗೆ ಮಾತ್ರ ಕಾಣುತ್ತದೆ, ನೋಡಿದವರು ಯಾರೆಂದು ಪರಸ್ಪರ ಗೊತ್ತಾಗುವುದಿಲ್ಲ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಹಾಕಿದ ಸ್ಟೇಟಸ್‌ಗೆ ಮರುದಿನದ ಸಂಜೆ ಕರೆಗಳು ಬರುತ್ತವೆ. ಅಕ್ಟೋಬರ್ 10ರಂದು ನಾವು ಏನನ್ನೂ ಹಾಕುವುದಿಲ್ಲ, ಆ ವಾರ ಎಲ್ಲರೂ ಹಾಕುತ್ತಾರೆ.

ಈಗಿನ ತಿಂಗಳ ಖರ್ಚು ಹೀಗಿದೆ: ಸಂಜೆ ಕರೆ ಮಾಡುವವರಿಗೆ ದಿನಕ್ಕೆ 250ರಂತೆ 5 ಸಾವಿರ, ಭಾನುವಾರದ ಆಪ್ತಸಮಾಲೋಚಕರಿಗೆ 4 ಸಾವಿರ, ಕೋಣೆಯ ಬಾಡಿಗೆ 2 ಸಾವಿರ, ಮನೋವೈದ್ಯರ ಓಡಾಟ, ಊಟಕ್ಕೆ 3 ಸಾವಿರ, ಫೋನ್‌ಗೆ ಸುಮಾರು 500, ಚಿಲ್ಲರೆ ಸೇರಿಸಿ 15 ಸಾವಿರ ಎಂದಿಟ್ಟುಕೊಳ್ಳಿ. ತಿಂಗಳಿಗೆ 30ರಷ್ಟು ಹೊಸಬರು ಬರುತ್ತಾರೆ, ಅವರಲ್ಲಿ 18ರಿಂದ 20 ಮಂದಿ ಎರಡನೇ ಬಾರಿಗೂ ಬರುತ್ತಾರೆ. ಮೊದಲ ವರ್ಷ ಒಬ್ಬರನ್ನು ಬಾಗಿಲವರೆಗೆ ತರಲು 6 ಸಾವಿರಕ್ಕೂ ಮೇಲೆ ಬಿದ್ದಿತ್ತು, ಈಗ ಅದು 500, ಅದೂ ಬಾಗಿಲಿನ ಒಳಗಿನ ಖರ್ಚೂ ಸೇರಿ. ನಂಬದಿದ್ದ ಹಿರಿಯ ವೈದ್ಯರಿಗೆ ರಿಜಿಸ್ಟರ್ ತೋರಿಸಿದಾಗ ಅವರು ಪುಟಗಳನ್ನು ಎರಡು ಸಲ ತಿರುವಿ, ಮುಂದಿನ ಭಾನುವಾರದಿಂದ ಓಡಾಟದ ದುಡ್ಡು ಬೇಡವೆಂದರು. ನಾನು ಕೊಡುತ್ತಲೇ ಇದ್ದೇನೆ, ಏಕೆಂದರೆ ಉಚಿತವಾಗಿ ಬರುವವರು ಹಬ್ಬದ ವಾರ ತಪ್ಪಿಸುತ್ತಾರೆ.

ಇದು ಎಲ್ಲ ತೊಂದರೆಗಳಿಗೂ ಒಗ್ಗುವುದಿಲ್ಲ. ಕುಡಿತದ ವಿಷಯಕ್ಕೆ ಹೆಂಡತಿಯರ ಕರೆ ಬರುತ್ತದೆ, ಗಂಡಂದಿರು ಬರುವುದಿಲ್ಲ. ಅಲ್ಲಿ ವಾಯ್ಸ್ ನೋಟ್ ಬಹುಮಟ್ಟಿಗೆ ಸೋತಿದೆ. ತೀವ್ರ ಮನೋರೋಗದ ಲಕ್ಷಣಗಳಿದ್ದರೆ ಭಾನುವಾರದವರೆಗೆ ಕಾಯಿಸದೆ ನೇರವಾಗಿ ನಿಮ್ಹಾನ್ಸ್‌ಗೆ ಕಳಿಸುತ್ತೇವೆ, ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕೊಟ್ಟು. ಬೊಮ್ಮನಹಳ್ಳಿಯ ಬೀದಿಗಳಲ್ಲಿ ತಮಿಳು, ತೆಲುಗು ಮಾತನಾಡುವ ಮನೆಗಳೂ ಬಹಳ ಇರುವುದರಿಂದ, ದೀಪಾವಳಿ ಕಳೆದ ಮೇಲೆ ಆ ಭಾಷೆಗಳಲ್ಲೂ ವಾಯ್ಸ್ ನೋಟ್ ಹಾಕಿಸುವ ಯೋಚನೆಯಿದೆ. ಅದಕ್ಕೆ ಮೊದಲು ಆ ಭಾಷೆ ಬಲ್ಲ, ಸಂಜೆ ಮೂರು ಗಂಟೆ ಫೋನಿನ ಮುಂದೆ ಕೂರಬಲ್ಲ ಇಬ್ಬರು ಸಿಗಬೇಕು. ಅವರು ಸಿಗುವವರೆಗೆ ಆ ಗ್ರೂಪ್‌ಗಳಿಗೆ ಏನನ್ನೂ ಕಳಿಸುವುದಿಲ್ಲ.