ಕೆನಡಾ ಪದಬಂಧ: ಉದ್ದದ ಉತ್ತರಕ್ಕೆ ಮೊದಲೇ ಕೈ ಹಾಕಬೇಡಿ

ಟೊರಾಂಟೊ, ಬ್ರಾಂಪ್ಟನ್ ಕಡೆ ನೆಲೆಸಿರುವ ನಮ್ಮವರಲ್ಲಿ ಪದಬಂಧದ ಹುಚ್ಚಿರುವವರು ಬೇಕಾದಷ್ಟು ಜನ. ಊರಿನಲ್ಲಿ ಕನ್ನಡ ಪದಬಂಧವನ್ನು ಸರಸರನೆ ತುಂಬಿಸಿದವರೂ ಅಲ್ಲಿನ ಇಂಗ್ಲಿಷ್ ಥೀಮ್ ಪದಬಂಧವನ್ನು (ಉದ್ದದ ಉತ್ತರಗಳೆಲ್ಲ ಒಂದೇ ವಿಷಯಕ್ಕೆ ಸೇರುವಂಥದ್ದು) ಅರ್ಧಕ್ಕೇ ಕೈಬಿಡುವುದನ್ನು ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಹೆಸರಿನಲ್ಲಿ ಕೆನಡಾ ಇದೆ ಅಂತ ಉದ್ದದ ಸಾಲಿಗೇ ಮೊದಲು ಕೈ ಹಾಕುತ್ತಾರೆ.

ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳಿ. ಪೆನ್ ಬೇಡವೇ ಬೇಡ.

ಮೊದಲು ಮೂರು, ನಾಲ್ಕು ಮನೆಯ ಉತ್ತರಗಳನ್ನು ಮುಗಿಸಿ. ಐಸ್ ಹಾಕಿ ಆಟಗಾರ, ಮೂರು ಅಕ್ಷರ ಅಂದರೆ ಬಾಬಿ ಆರ್: ಒ-ಆರ್-ಆರ್. ನಾಲ್ಕು ಅಕ್ಷರದ ಮಹಾ ಸರೋವರ ಅಂದರೆ ಈರಿ. ಉಳಿದ ನಾಲ್ಕರಲ್ಲಿ ಯಾವುದೂ ನಾಲ್ಕು ಮನೆಗೆ ಕೂರುವುದಿಲ್ಲ. ಐದು ಅಕ್ಷರದ ಕಥೆಗಾರ್ತಿ, ನೊಬೆಲ್ 2013 ಎಂದಿದ್ದರೆ ಆಲಿಸ್ ಮನ್ರೊ.

ಆಮೇಲೆ ಸುಳಿವಿನ ಮಾತಿನ ಧಾಟಿ ಗಮನಿಸಿ. ಸುಳಿವಿನಲ್ಲಿ ಫ್ರೆಂಚ್ ಮಾತಾಡುವ ಕ್ಯೂಬೆಕ್ ಪ್ರಾಂತ್ಯ ಅಥವಾ ಅಲ್ಲಿನ ಮಾಂಟ್ರಿಯಲ್ ಹೆಸರು ಸುಮ್ನೆ ಬರುವುದಿಲ್ಲ. ಉತ್ತರ ಫ್ರೆಂಚ್ ಇರಬಹುದು ಅಂತ ಅದರ ಅರ್ಥ. 'ಕ್ಯೂಬೆಕ್‌ನ ಬೇಸಿಗೆ' ಅಂದರೆ ಇ-ಟಿ-ಇ. ಸುಳಿವಿನಲ್ಲಿ ಯಾವುದಾದರೂ ಪದ ಮೊಟಕಾಗಿದ್ದರೆ ಉತ್ತರವೂ ಮೊಟಕು: ಆಲ್ಬರ್ಟಾ ಪ್ರಾಂತ್ಯಕ್ಕೆ ಎ-ಎಲ್-ಟಿ-ಎ. ಕಾಗುಣಿತ ಇಂಗ್ಲೆಂಡಿನದೂ ಅಲ್ಲ, ಪೂರ್ತಿ ಅಮೆರಿಕದ್ದೂ ಅಲ್ಲ. 'ಕಲರ್'ಗೆ ಯು ಇದೆ, ಆರು ಮನೆ ಬೇಕು. ಆದರೆ ಗಾಡಿಯ 'ಟೈರ್'ಗೆ ವೈ ಬೇಡ, ಐ ಹಾಕಿ.

ಮೇಪಲ್ ಎಲೆ ಮುದ್ರಿಸಿ 'ಕೆನಡಾ ಪದಬಂಧ' ಅಂತ ಮಾರುವ ಅಗ್ಗದ ಪುಸ್ತಕಗಳಿವೆ. ಕೊಳ್ಳುವ ಮೊದಲು ಕೊನೆಯ ಪುಟಗಳ ಉತ್ತರ ನೋಡಿ. 'ಕಲರ್' ಐದೇ ಮನೆಯಲ್ಲಿದ್ದರೆ ಅದು ಅಮೆರಿಕದ ಸರಕು, ವಾಪಸ್ ಇಟ್ಟುಬಿಡಿ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಹಿಂದೆಯೇ ಯು ಬರಬೇಕು ಅಂತ ನಮ್ಮ ತಲೆಯಲ್ಲಿ ಕೂತಿರುತ್ತದೆ. 1999ರಲ್ಲಿ ಹುಟ್ಟಿದ ನುನಾವುಟ್ ಟೆರಿಟರಿಯ ರಾಜಧಾನಿ ಇಕಾಲೂಯಿಟ್: ಐ-ಕ್ಯೂ-ಎ-ಎಲ್-ಯು-ಐ-ಟಿ. ಕ್ಯೂ ಪಕ್ಕ ಎ ಕಂಡು, ಸರಿಯಾಗಿದ್ದ ಉತ್ತರವನ್ನೇ ಅಳಿಸಿದವರಿದ್ದಾರೆ. ಅಳಿಸಬೇಡಿ.

ಈಗ ಥೀಮ್. ಇಲ್ಲಿ ನಿಧಾನ ಮಾಡಿ. ಒಳ್ಳೆಯ ಪದಬಂಧದಲ್ಲಿ ಉದ್ದದ ಉತ್ತರಗಳು ಮೇಲ್ನೋಟಕ್ಕೆ ಕೆನಡಾದವೇ ಆಗಿರಬೇಕಿಲ್ಲ. ಅವುಗಳ ಒಳಗಿನ ನಂಟು ಮಾತ್ರ ಕೆನಡಾದ್ದು. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಂಬತ್ತು ಮನೆಯ ಸುಳಿವು, 'ಸೂಪರ್‌ಮ್ಯಾನ್‌ನ ಇನ್ನೊಂದು ಹೆಸರು'. ಉತ್ತರ ಕ್ಲಾರ್ಕ್ ಕೆಂಟ್. ಸೂಪರ್‌ಮ್ಯಾನ್ ಕಾಮಿಕ್ಸ್‌ಗೆ ಚಿತ್ರ ಬರೆದ ಜೋ ಶುಸ್ಟರ್ ಹುಟ್ಟಿದ್ದು ಟೊರಾಂಟೊದಲ್ಲಿ, ಹಾಗಾಗಿ ಥೀಮ್ ಕಾಮಿಕ್ಸ್ ಅಂತ ಅನಿಸುವುದು ಸಹಜ. ಅಲ್ಲಿಗೇ ತೀರ್ಮಾನ ಮಾಡಬೇಡಿ, ಇನ್ನೊಂದು ಉದ್ದದ ಉತ್ತರ ಬರಲಿ.

ಹಾಳೆಯನ್ನು ತಲೆಕೆಳಗೆ ತಿರುಗಿಸಿ. ಸಾಮಾನ್ಯವಾಗಿ ಕಪ್ಪು ಮನೆಗಳ ವಿನ್ಯಾಸ ಮೊದಲಿದ್ದ ಹಾಗೇ ಕಾಣುತ್ತದೆ. ಅಂದರೆ ಮೇಲಿನ ಒಂಬತ್ತು ಮನೆಯ ಉತ್ತರಕ್ಕೆ ಕೆಳಗೆ ಅಷ್ಟೇ ಉದ್ದದ ಜೋಡಿ ಇರುತ್ತದೆ. ಅದರ ಸುಳಿವು 'ಅತಿ ಉದ್ದದ ವಿಷದ ಹಾವು'. ನಮ್ಮ ಆಗುಂಬೆ ಕಾಡಿನ ಕಾಳಿಂಗ, ಕಿಂಗ್ ಕೋಬ್ರಾ. ಒಂಬತ್ತು ಅಕ್ಷರ ಸರಿಯಾಗಿ ಕೂರುತ್ತದೆ. ಹಾವಿಗೂ ಕಾಮಿಕ್ಸಿಗೂ ಏನು ಸಂಬಂಧ? ಏನೂ ಇಲ್ಲ ಅಲ್ವಾ. ಹಾಗಾದರೆ ಎರಡೂ ಉತ್ತರದ ಮೊದಲ ಪದ ಮಾತ್ರ ಓದಿ: ಕ್ಲಾರ್ಕ್, ಕಿಂಗ್. 1979ರ ಪ್ರಧಾನಿ ಜೋ ಕ್ಲಾರ್ಕ್. ಒಟ್ಟು 21 ವರ್ಷಕ್ಕೂ ಜಾಸ್ತಿ ಪ್ರಧಾನಿಯಾಗಿದ್ದ ಮೆಕೆಂಝಿ ಕಿಂಗ್. ಥೀಮ್ ಸಿಕ್ಕಿತು: ಕೆನಡಾದ ಪ್ರಧಾನಿಗಳು!

ಮೊದಲ ಪದದಲ್ಲಿ ಏನೂ ಕಾಣದಿದ್ದರೆ ಕೊನೆಯ ಪದ ನೋಡಿ. ಅಲ್ಲೂ ಇಲ್ಲದಿದ್ದರೆ ಎರಡು ಪದ ಕೂಡುವ ಜಾಗದಲ್ಲಿ ಏನಾದರೂ ಅಡಗಿದೆಯಾ ಹುಡುಕಿ. ಪದಬಂಧಕ್ಕೆ ಶೀರ್ಷಿಕೆ ಕೊಟ್ಟಿದ್ದರೆ ಆಗ ಮತ್ತೊಮ್ಮೆ ಓದಿ. ಶುರುವಿನಲ್ಲಿ ಅರ್ಥವಾಗದ ಶೀರ್ಷಿಕೆ ಈಗ ದಾರಿ ತೋರಿಸುತ್ತದೆ.

ಇನ್ನು ಮೇಲೆ ಥೀಮೇ ನಿಮ್ಮ ಕೆಲಸ ಮಾಡುತ್ತದೆ. ಹನ್ನೆರಡು ಮನೆಯ ಸಾಲಿನಲ್ಲಿ '95 ವಾದಗಳನ್ನು ಮುಂದಿಟ್ಟ ಜರ್ಮನ್ ಪಾದ್ರಿ' ಎಂದಿದೆ: ಮಾರ್ಟಿನ್ ಲೂಥರ್. ಪಾಲ್ ಮಾರ್ಟಿನ್ ಕೂಡ ಪ್ರಧಾನಿಯೇ. ಅದರ ಜೋಡಿಯ ಸುಳಿವು 'ಡಬ್ಬಿಯಲ್ಲಿ ಬರುವ ಊಟ', ಅಡ್ಡ ಹಾಯುವ ಉತ್ತರದಿಂದ ನಾಲ್ಕನೇ ಮನೆಗೆ ಪಿ ಬಂದಿದೆ. ನಾಲ್ಕನೇ ಅಕ್ಷರ ಪಿ ಇರುವ, ಡಬ್ಬಿಯ ಊಟಕ್ಕೂ ಹೊಂದುವ ಪ್ರಧಾನಿ ಯಾರು? 1993ರಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಕಿಮ್ ಕ್ಯಾಂಪ್‌ಬೆಲ್. ಎಂಟು ಮನೆ ತುಂಬಿತು. ಕ್ಯಾಂಪ್‌ಬೆಲ್ ಅನ್ನುವುದು ಡಬ್ಬಿ ಸೂಪಿನ ಬ್ರ್ಯಾಂಡ್ ಕೂಡ, ಉಳಿದ ನಾಲ್ಕಕ್ಕೆ ಸೂಪ್.

ಆ್ಯಪ್‌ನಲ್ಲಿ ಆಡುವವರು ಅಕ್ಷರ ತೋರಿಸುವ ಬಟನ್ ಮುಟ್ಟಬೇಡಿ. ಒಂದು ಸಲ ಒತ್ತಿದರೆ ಮುಂದಿನ ಪ್ರತಿ ಸಾಲಿಗೂ ಬೆರಳು ಅಲ್ಲಿಗೇ ಹೋಗುತ್ತದೆ. ಅದರ ಬದಲು ಹತ್ತು ಪ್ರಾಂತ್ಯ, ಮೂರು ಟೆರಿಟರಿ, ಅವುಗಳ ರಾಜಧಾನಿ, ಪ್ರಧಾನಿಗಳ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಅಕ್ಷರಗಳ ಲೆಕ್ಕದ ಸಮೇತ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.