ಯೂನಿಟ್ ದರ ಇಳಿದರೂ ಬಿಲ್ ಏರಿದ್ದೇಕೆ? ನೀವೇ ಲೆಕ್ಕ ಹಾಕಿ ನೋಡಿ

ಕರ್ನಾಟಕದಲ್ಲಿ ಗೃಹಬಳಕೆಯ ವಿದ್ಯುತ್ ದರ ಯೂನಿಟ್‌ಗೆ 10 ಪೈಸೆ ಇಳಿಯಿತು ಎಂಬ ಸುದ್ದಿ 2025ರ ಮಾರ್ಚ್ ಕೊನೆಯಲ್ಲಿ ಬಂತು. ಏಪ್ರಿಲ್ ತಿಂಗಳ ಬಿಲ್ ಕೈಸೇರಿದಾಗ ಮಾತ್ರ, ಹಣ ಕಟ್ಟುವ ಬಹುತೇಕ ಮನೆಗಳಲ್ಲಿ ಮೊತ್ತ ಹೆಚ್ಚಾಗಿತ್ತು. ಬೆಲೆ ಎತ್ತ ಸಾಗುತ್ತಿದೆ ಎಂಬುದು ಯೂನಿಟ್ ದರವೊಂದನ್ನೇ ನೋಡಿದರೆ ತಿಳಿಯುವುದಿಲ್ಲ. ಇಡೀ ಬಿಲ್ಲನ್ನು ಬಿಡಿಸಿ ನೋಡಬೇಕು.

ಮೊದಲು, ಹಿಂದಿನ ಮೂರು ವರ್ಷಗಳ ಬಿಲ್‌ಗಳನ್ನು ಹುಡುಕಿ, ಪ್ರತಿ ವರ್ಷದ ಒಂದೇ ತಿಂಗಳ ಬಿಲ್ಲನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಬೇಸಿಗೆಯ ಬಿಲ್ಲನ್ನು ಮಳೆಗಾಲದ ಬಿಲ್ಲಿನೊಂದಿಗೆ ಹೋಲಿಸಿದರೆ ಫ್ಯಾನು, ಗೀಸರ್‌ಗಳ ಬಳಕೆಯ ವ್ಯತ್ಯಾಸವೇ ದರದ ವ್ಯತ್ಯಾಸದಂತೆ ಕಾಣುತ್ತದೆ.

ಬಳಿಕ ಪ್ರತಿ ಬಿಲ್ಲಿನಿಂದ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ: ಬಳಸಿದ ಯೂನಿಟ್, ಮಂಜೂರಾದ ಲೋಡ್ (ನಿಮ್ಮ ಸಂಪರ್ಕಕ್ಕೆ ಕಿಲೋವಾಟ್‌ನಲ್ಲಿ ಗೊತ್ತುಪಡಿಸಿದ ಸಾಮರ್ಥ್ಯ), ಬಳಕೆ ಎಷ್ಟೇ ಇದ್ದರೂ ಆ ಲೋಡ್‌ನ ಪ್ರತಿ ಕಿಲೋವಾಟ್‌ಗೆ ಕಟ್ಟಬೇಕಾದ ನಿಗದಿತ ಶುಲ್ಕ ಮತ್ತು ಯೂನಿಟ್ ದರ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಏರಿಳಿತಕ್ಕೆ ತಕ್ಕಂತೆ ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನೂ ಶೇ 9ರ ವಿದ್ಯುತ್ ತೆರಿಗೆಯನ್ನೂ ಸದ್ಯಕ್ಕೆ ಬದಿಗಿಡಿ. ಅವನ್ನು ಬೆರೆಸಿದರೆ ಮೂಲ ದರದ ಚಲನೆ ಮರೆಯಾಗುತ್ತದೆ.

ಈಗ 3 ಕಿಲೋವಾಟ್ ಲೋಡ್ ಇರುವ, ತಿಂಗಳಿಗೆ 150 ಯೂನಿಟ್ ಬಳಸುವ, ಪೂರ್ಣ ಬಿಲ್ ಪಾವತಿಸುವ ಮನೆಯೊಂದರ ಲೆಕ್ಕ ನೋಡೋಣ. 2023-24ರಲ್ಲಿ ಬಳಕೆ 100 ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗಳಿಗೂ 7 ರೂಪಾಯಿ ದರವಿತ್ತು. ನಿಗದಿತ ಶುಲ್ಕ ಕಿಲೋವಾಟ್‌ಗೆ 110 ರೂಪಾಯಿ. ಒಟ್ಟು 1,380 ರೂಪಾಯಿ. 2024-25ರಲ್ಲಿ ಬಳಕೆಯ ಪ್ರಮಾಣಕ್ಕೆ ತಕ್ಕಂತೆ ದರ ಬದಲಾಗುವ ಈ ಸ್ಲ್ಯಾಬ್ ಪದ್ಧತಿ ರದ್ದಾಗಿ ಎಲ್ಲರಿಗೂ 5.90 ರೂಪಾಯಿಯ ಒಂದೇ ದರ ಬಂತು, ನಿಗದಿತ ಶುಲ್ಕ 120 ಆಯಿತು. ಬಿಲ್ 1,245ಕ್ಕೆ ಇಳಿಯಿತು. 2025-26ರಲ್ಲಿ ದರ 5.80, ನಿಗದಿತ ಶುಲ್ಕ 145. ಇದರ ಮೇಲೆ ವಿದ್ಯುತ್ ಪ್ರಸರಣ ನಿಗಮ ಮತ್ತು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಸೇರಿತು. ಮೊತ್ತ 1,359 ರೂಪಾಯಿ. ಹತ್ತು ಪೈಸೆ ಇಳಿದ ವರ್ಷವೇ ಬಿಲ್ 114 ರೂಪಾಯಿ ಏರಿತು.

ಕೊನೆಯ ಹೆಜ್ಜೆಯೇ ಮುಖ್ಯವಾದದ್ದು: ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ. ಇದೇ 3 ಕಿಲೋವಾಟ್ ಮನೆಯಲ್ಲಿ ನಿವೃತ್ತ ದಂಪತಿ ತಿಂಗಳಿಗೆ 60 ಯೂನಿಟ್ ಮಾತ್ರ ಬಳಸುತ್ತಾರೆ ಎಂದುಕೊಳ್ಳಿ. ನೂರರೊಳಗಿನ ಬಳಕೆಗೆ 4.75 ರೂಪಾಯಿ ದರವಿದ್ದ 2023-24ರಲ್ಲಿ ಅವರಿಗೆ ಒಂದು ಯೂನಿಟ್ 10.25 ರೂಪಾಯಿಗೆ ಬೀಳುತ್ತಿತ್ತು. 2024-25ರಲ್ಲಿ ಅದು 11.90, 2025-26ರಲ್ಲಿ 13.41. ಮಿತವಾಗಿ ಬಳಸುವವರಿಗೇ ನಿಗದಿತ ಶುಲ್ಕದ ಹೊರೆ ಹೆಚ್ಚು ತಟ್ಟುತ್ತಿರುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಅಂಗಡಿಯವರ ಲೆಕ್ಕ ಬೇರೆ. 5 ಕಿಲೋವಾಟ್ ಲೋಡ್‌ನ, 400 ಯೂನಿಟ್ ಬಳಸುವ ಅಂಗಡಿಗೆ 2025-26ರಲ್ಲಿ ಯೂನಿಟ್ ದರ 8ರಿಂದ 7 ರೂಪಾಯಿಗೆ ಇಳಿಯಿತು. ನಿಗದಿತ ಶುಲ್ಕ 210ರಿಂದ 215ಕ್ಕೆ ಏರಿ, ಸರ್‌ಚಾರ್ಜ್ ಸೇರಿದರೂ ಬಿಲ್ 4,250ರಿಂದ 4,019ಕ್ಕೆ ಬಂತು. ಯಾವುದೇ ವರ್ಗದ ದರ ಸರಾಸರಿ ಪೂರೈಕೆ ವೆಚ್ಚಕ್ಕಿಂತ ಶೇ 20ರಷ್ಟು ಆಚೀಚೆ ಮೀರಬಾರದೆಂಬುದು ರಾಷ್ಟ್ರೀಯ ದರ ನೀತಿಯ ಆಶಯ. ವ್ಯಾಪಾರಿಗಳಿಂದ ಹೆಚ್ಚು ಪಡೆದು ಉಳಿದವರಿಗೆ ಅಗ್ಗವಾಗಿ ಕೊಡುವ ಹಳೆಯ ಪದ್ಧತಿ ಹೀಗೆ ಸಡಿಲಗೊಳ್ಳುತ್ತಿದೆ.

ಮನೆಗಳಿಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಈ ಲೆಕ್ಕ ತಮಗೇಕೆ ಎನ್ನಬಾರದು. ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ಪ್ರತಿ ಮನೆಗೆ ಗೊತ್ತುಪಡಿಸಿದ ಉಚಿತ ಯೂನಿಟ್‌ಗಳ ಮಿತಿ ಮೀರಿದರೂ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಬಳಕೆಗಷ್ಟೇ ಹಣ ಕಟ್ಟಬೇಕು. 200 ದಾಟಿದ ತಿಂಗಳು ಇಡೀ ಬಿಲ್ ಅವರದೇ.

ಲೆಕ್ಕದಲ್ಲಿ ನಿಗದಿತ ಶುಲ್ಕವೇ ದೊಡ್ಡದಾಗಿ ಕಂಡರೆ, ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು (ಆ ತಿಂಗಳಲ್ಲಿ ಒಮ್ಮೆಗೇ ಬಳಸಿದ ಅತಿ ಹೆಚ್ಚಿನ ಕಿಲೋವಾಟ್) ಮಂಜೂರಾದ ಲೋಡ್‌ನೊಂದಿಗೆ ಹೋಲಿಸಿ. ವರ್ಷವಿಡೀ ಬೇಡಿಕೆ 2 ಕಿಲೋವಾಟ್ ದಾಟದಿದ್ದರೆ, ಲೋಡ್ ತಗ್ಗಿಸುವಂತೆ ಎಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬಹುದು. 3ರಿಂದ 2ಕ್ಕೆ ಇಳಿಸಿದರೆ 2025-26ರ ದರದಲ್ಲಿ ತಿಂಗಳಿಗೆ 145 ರೂಪಾಯಿ ಉಳಿಯುತ್ತದೆ.