ಕಾನ್ಫೋಕಲ್ ಇಲ್ಲದೆ ಗಾಯದ ನ್ಯೂಟ್ರೋಫಿಲ್ ಎಣಿಸಿದ್ದು

ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಮರಿಯ ಬಾಲ ಕತ್ತರಿಸಿ, ಗಾಯಕ್ಕೆ ಓಡಿ ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶಗಳನ್ನು ಎಣಿಸಬೇಕು. ಅದಕ್ಕೆ ಆ ಕೋಶಗಳು ಹೊಳೆಯುವಂತೆ ಜೀನ್ ಬದಲಿಸಿದ ಟ್ರಾನ್ಸ್‌ಜೆನಿಕ್ ಮೀನು, ಕಾನ್ಫೋಕಲ್ ಎಂಬ ಲೇಸರ್ ಮೈಕ್ರೋಸ್ಕೋಪ್ ಎರಡೂ ಇರಲೇಬೇಕು ಅಂತ ಎಲ್ಲರೂ ಹೇಳಿದ್ದರು. ನಮ್ಮ ಡಿಗ್ರಿ ಕಾಲೇಜಿನಲ್ಲಿ ಎರಡೂ ಇಲ್ಲ. ನ್ಯೂಟ್ರೋಫಿಲ್‌ಗೆ ಕಪ್ಪು ಹಿಡಿಸುವ ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ, ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಎಣಿಸಿದೆ. ಅಂದು ನಕ್ಕವರೇ ಈಗ ಪ್ರೋಟೋಕಾಲ್ ಕಳಿಸಿ ಅಂತಿದ್ದಾರೆ.

ಮೀನು ಅಕ್ವೇರಿಯಂ ಅಂಗಡಿಯದ್ದು, ಜೋಡಿಗೆ ಮೂವತ್ತು ರೂಪಾಯಿ ಆಸುಪಾಸು. ಇಟ್ಟ ಮೊಟ್ಟೆಯನ್ನು ತಾವೇ ತಿನ್ನುತ್ತವೆ, ಗೊತ್ತಲ್ವಾ? ತೊಟ್ಟಿಯ ತಳಕ್ಕೆ ಗೋಲಿ ಸುರಿದೆ, ಮೊಟ್ಟೆ ಸಂದಿಗೆ ಇಳಿದು ಉಳಿಯಿತು. ದುಡ್ಡು ತಿಂದದ್ದು ಬಣ್ಣ ಮತ್ತು ಮೀನಿಗೆ ಕೊಡುವ ಅರಿವಳಿಕೆ ಟ್ರೈಕೇನ್. ಹದಿನೈದು ಸಾವಿರದ ಹತ್ತಿರ ಕೈಯಿಂದಲೇ ಹೋಯಿತು.

ಮೊದಲ ಒಂದೆರಡು ತಿಂಗಳು ಸ್ಲೈಡ್ ತುಂಬ ಬರೀ ಕರಿ ಚುಕ್ಕೆ. ಅರ್ಧ ಬಣ್ಣದ ಗಸಿ, ಇನ್ನರ್ಧ ಮರಿಯ ಮೈಯಲ್ಲಿದ್ದ ಕಪ್ಪು. ಬಣ್ಣವನ್ನು ಆಯಾ ದಿನವೇ ಸೋಸತೊಡಗಿದೆ. ಮೊಟ್ಟೆಗೆ ಒಂದು ದಿನ ತುಂಬುವ ಮೊದಲೇ, ಮೈ ಕಪ್ಪಾಗದಂತೆ ತಡೆಯುವ ಪಿಟಿಯು ಹಾಕಿದೆ. ಬಣ್ಣ ಹಾಕಿದ ಮರಿಗಳನ್ನು 70% ಆಲ್ಕೋಹಾಲಿನಲ್ಲಿ, ಬಣ್ಣ ಬಿಡುವುದು ನಿಲ್ಲುವ ತನಕ ತೊಳೆದೆ. ಆಮೇಲೆ ಗ್ಲಿಸರಾಲಿನಲ್ಲಿಟ್ಟು ನೋಡಿದರೆ, ಕತ್ತರಿಸಿದ ಅಂಚಿನುದ್ದಕ್ಕೂ ಕರಿಎಳ್ಳು ಉದುರಿಸಿದ ಹಾಗೆ ನ್ಯೂಟ್ರೋಫಿಲ್‌ಗಳು!

ಆದರೂ ಎಣಿಕೆ ದಿನಕ್ಕೊಂದು ಥರ. ಕಾರಣ ಚಳಿ. 28.5 ಡಿಗ್ರಿ ಇಲ್ಲದಿದ್ದರೆ ಮರಿ ನಿಧಾನ ಬೆಳೆಯುತ್ತದೆ, ಮೂರು ದಿನದ್ದು ಎರಡು ದಿನದ್ದರಂತಿರುತ್ತದೆ. ಅಗ್ಗದ ಹೀಟರ್ ಇಟ್ಟ ಮೇಲೆ ಸರಿಹೋಯಿತು. ಕತ್ತರಿಸದ ಬಾಲದಲ್ಲಿ ಎರಡೋ ಮೂರೋ. ಕತ್ತರಿಸಿ ಆರು ಗಂಟೆಗೆ ಇಪ್ಪತ್ತರ ಮೇಲೆ. ಮರುದಿನ ಹತ್ತಕ್ಕಿಂತ ಕಡಿಮೆ. ಈ ವಯಸ್ಸಿನ ಮರಿಗೆ ರೋಗಾಣುಗಳ ಗುರುತು ನೆನಪಿಡುವ ಟಿ, ಬಿ ಕೋಶಗಳ ಕಾವಲು ಇನ್ನೂ ಬಂದಿರುವುದಿಲ್ಲ. ಹಾಗಾಗಿ ಕಾಣುವುದೆಲ್ಲ ಹುಟ್ಟಿನಿಂದ ಬಂದ ರಕ್ಷಣೆಯ ಕೆಲಸವೇ.

ನಡುವೆ ಒಂದು ಹುಚ್ಚು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಜೀವವಿಜ್ಞಾನಿ ಮೆಚ್ನಿಕೋಫ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಸುತ್ತ ಮುತ್ತಿಕೊಂಡ ಕೋಶಗಳನ್ನು ನೋಡಿದ್ದರಲ್ಲ, ನಾನೂ ಸುಮ್ನೆ ಪಾಪಾಸುಕಳ್ಳಿ ಮುಳ್ಳು ಚುಚ್ಚಿದೆ. ಕೋಶಗಳೇನೋ ಬಂದವು. ಆದರೆ ಒಂದೊಂದು ಗಾಯ ಒಂದೊಂದು ಅಳತೆ, ಲೆಕ್ಕಕ್ಕೆ ಬರಲಿಲ್ಲ. ಬ್ಲೇಡೇ ವಾಸಿ.

ಗಾಯದ ಅಂಚಿನ ಹೈಡ್ರೋಜನ್ ಪೆರಾಕ್ಸೈಡೇ ಈ ಬಿಳಿ ರಕ್ತಕೋಶಗಳನ್ನು ಕರೆಯುತ್ತದೆ ಅಂತ 2009ರಲ್ಲಿ ಇದೇ ಮೀನಿನಲ್ಲಿ ತೋರಿಸಿದ್ದರು. ಆ ಪೆರಾಕ್ಸೈಡ್ ಹುಟ್ಟದಂತೆ ತಡೆಯುವ ಡಿಪಿಐ ಎಂಬ ರಾಸಾಯನಿಕ ಕೊಳ್ಳಲು ದುಡ್ಡಿರಲಿಲ್ಲ. ಪರಿಚಯದ ವೆಟ್ನರಿ ಡಾಕ್ಟರು ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಕೊಟ್ಟರು. ಮೊದಲೇ ಅದನ್ನು ಬೆರೆಸಿದ ನೀರಿನಲ್ಲಿಟ್ಟ ಮರಿಗಳಲ್ಲಿ ಎಣಿಕೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಸ್ಟೀರಾಯ್ಡ್ ತಗೊಳ್ಳುವವರ ಗಾಯಕ್ಕೆ ಯಾಕೆ ಬೇಗ ಸೋಂಕು ತಗಲುತ್ತದೆ ಅಂತ ಹುಡುಗರಿಗೆ ಬೇರೆ ಪಾಠ ಬೇಕಾಗಲಿಲ್ಲ.

ಡೋಸ್ ಎಷ್ಟು, ಬ್ಲೇಡ್ ಎಷ್ಟು ಓರೆ, ಇವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದರೆ ತೋರಿಸುತ್ತೇನೆ, ಟ್ರೈಕೇನ್ ಮಾತ್ರ ನೀವೇ ತನ್ನಿ.